ಬೆನ್ನುಗಾವಲಿನ ಮೇಷ್ಟ್ರು



ನಿವೃತ್ತಿಯ ನಂತರ ಹೊತ್ತು ಹೇಗೆ ಕಳೆಯುತ್ತೀರಿ ಎಂದು ನಿಮ್ಮಲ್ಲಿ ಹಲವರು ಕೇಳುತ್ತಿರುತ್ತೀರಿ. ‘ಓಡುತ್ತಿದ್ದೇನೆ’ ಎಂದು ಉತ್ತರಿಸಿದರೆ ನಗುತ್ತೀರಿ. ನಗಲು ನಿಮಗೆ ಪೂರ್ಣ ಅಧಿಕಾರವಿದೆ. ಏಕೆಂದರೆ ಮೂವತ್ತನಾಲ್ಕು ವರ್ಷಗಳ ಅಧ್ಯಾಪನದಲ್ಲಿ ಓಟವನ್ನು ನಾನು ಒಂದೇ ಕಾರಣಕ್ಕೆ ಬಳಸಿದವನು. ಹೋಂವರ್ಕ್ ಮಾಡದೆ ಬಂದವನಿಗೆ, ಪ್ರಾರ್ಥನೆಗೆ ತಡವಾದವನಿಗೆ, ಸಂಧಿಯನ್ನು ಸಮಾಸವೆಂದವನಿಗೆ ನನ್ನ ತೀರ್ಪು ಒಂದೇ ಆಗಿತ್ತು: ‘ಹೋಗು, ಮೈದಾನಕ್ಕೆ ಮೂರು ಸುತ್ತು!’ ಆ ಸುತ್ತುಗಳನ್ನು ಹಾಕಿದ ಕೆಲವರು ಈ ಸಾಲುಗಳನ್ನು ಓದುತ್ತಿರುವಿರಿ. ಈಗ ಅದೇ ಶಿಕ್ಷೆಯನ್ನು ನಾನು ವಾರಕ್ಕೆ ಮೂರು ದಿನ ಸ್ವಇಚ್ಛೆಯಿಂದ ಅನುಭವಿಸುತ್ತಿದ್ದೇನೆ. ಕರ್ಮಫಲವೆಂದರೆ ಇದೇ ಇರಬೇಕು.

ನಿವೃತ್ತನಾದ ಮರುವರ್ಷ, 2019ರಲ್ಲಿ, ರಕ್ತಪರೀಕ್ಷೆಯಲ್ಲಿ ಸಕ್ಕರೆಯ ಅಂಶ ಕಾಣಿಸಿಕೊಂಡಿತು. ವೈದ್ಯರು ನಡೆಯಲು ಹೇಳಿದರು. ಮೈಸೂರಿನಲ್ಲಿ ನಡೆಯುವವನಿಗೆ ಕುಕ್ಕರಹಳ್ಳಿ ಕೆರೆಗಿಂತ ಬೇರೆ ಸ್ಥಳವುಂಟೇ? 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ. ಕುವೆಂಪು ಅವರು ನಿತ್ಯ ವಿಹರಿಸುತ್ತಿದ್ದ ದಂಡೆ. ಸುತ್ತು ಹಾಕಿದರೆ ಸುಮಾರು ನಾಲ್ಕೂವರೆ ಕಿಲೋಮೀಟರು. ಒಂದು ಮುಂಜಾನೆ ನಾನು ಏದುಸಿರು ಬಿಡುತ್ತ ಹೋಗುತ್ತಿದ್ದಾಗ ಹಿಂದಿನಿಂದ ಓಡಿಬಂದ ಒಬ್ಬರು ನಿಂತು ಕೈಮುಗಿದರು. ನನ್ನ ಹಳೆಯ ವಿದ್ಯಾರ್ಥಿ. ಈಗ ಬ್ಯಾಂಕೊಂದರಲ್ಲಿ ಅಧಿಕಾರಿ. ‘ಸಾರ್, ಭಾನುವಾರ ನಮ್ಮ ಜೊತೆ ಬನ್ನಿ. ನಿಮಗೂ ಮೂರು ಸುತ್ತು ಹಾಕಿಸ್ತೀವಿ’ ಎಂದರು. ಗುರುವಿಗೆ ತಿರುಮಂತ್ರ!

ಈ ಬಳಗಕ್ಕೆ ನಾಮಫಲಕವಿಲ್ಲ, ಅಧ್ಯಕ್ಷರಿಲ್ಲ, ಚಂದಾ ಇಲ್ಲ. ಬಸ್ ಕಂಡಕ್ಟರು, ಹೂವಿನ ವ್ಯಾಪಾರಿ, ಗೃಹಿಣಿಯರು, ಕಂಪ್ಯೂಟರ್ ಎಂಜಿನಿಯರುಗಳು, ನನ್ನಂತಹ ಪಿಂಚಣಿದಾರರು ಎಲ್ಲರೂ ಇದ್ದಾರೆ. ಮಂಗಳವಾರ ಮೈದಾನದಲ್ಲಿ ವೇಗದ ಅಭ್ಯಾಸ: ನಾಲ್ಕುನೂರು ಮೀಟರು ಜೋರಾಗಿ ಓಡಿ, ಉಸಿರು ಹದಕ್ಕೆ ಬರುವಷ್ಟು ನಡೆದು, ಮತ್ತೆ ಓಡುವುದು. ಗುರುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು. ಗಟ್ಟಿಗರು ಸಾವಿರ ಮೆಟ್ಟಿಲನ್ನೂ ಹತ್ತಿ ದೇವಿಯ ದರ್ಶನ ಮಾಡಿ ಬಂದರೆ, ನಾನು ನಂದಿಯ ಬಳಿಯೇ ನಮಸ್ಕರಿಸಿ ಇಳಿಯುತ್ತೇನೆ. ಭಾನುವಾರ ಕೆರೆಯ ಸುತ್ತ ದೀರ್ಘ ಓಟ. ದೀರ್ಘ ಓಟದ ಸೂತ್ರವನ್ನು ಕೇಳಿದರೆ ನೀವು ಆಶ್ಚರ್ಯಪಡುವಿರಿ. ಪಕ್ಕದವರೊಡನೆ ಮಾತನಾಡಲು ಸಾಧ್ಯವಾಗುವಷ್ಟು ನಿಧಾನವಾಗಿ ಓಡಬೇಕು. ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದು ಅರ್ಥ. ತರಗತಿಯಲ್ಲಿ ಮಾತನಾಡಿದವರನ್ನು ಓಡಿಸುತ್ತಿದ್ದ ನನಗೆ ಓಡುವಾಗ ಮಾತನಾಡಬೇಕೆಂಬ ಪಾಠ!

ಮೊದಮೊದಲು ನಾನು ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯುತ್ತಿದ್ದೆ. ಕೆಲವು ವಾರಗಳ ನಂತರ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಏರಿಸುತ್ತ ಹೋಗಿ ಒಂದು ಸುತ್ತನ್ನು ನಿಲ್ಲದೆ ಓಡಲು ನನಗೆ ಎಂಟು ತಿಂಗಳು ಹಿಡಿಯಿತು. ನಿಧಾನವೇ ಪ್ರಧಾನ ಎಂದು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೆನೋ, ಅದು ಮೊಣಕಾಲಿಗೆ ಅರ್ಥವಾದದ್ದು ಆಗಲೇ.

2020ರ ಲಾಕ್‌ಡೌನ್ ಬಂದಾಗ ಕೆರೆಯ ದಾರಿ ಮುಚ್ಚಿತು. ಬಳಗ ಚದುರಿಹೋಗಬಾರದೆಂದು ಪ್ರತಿ ಭಾನುವಾರ ಸಂಜೆ ಎಲ್ಲರಿಗೂ ಒಂದು ವರದಿಯನ್ನು ಬರೆದು ವಾಟ್ಸಾಪಿನಲ್ಲಿ ಕಳುಹಿಸತೊಡಗಿದೆ. ಯಾರು ತಾರಸಿಯ ಮೇಲೆ ಎಷ್ಟು ಸುತ್ತು ಹಾಕಿದರು, ಯಾರ ತಾಯಿಗೆ ಜ್ವರ ಇಳಿಯಿತು, ಯಾರು ಹಪ್ಪಳ ಒಣಗಿಸಿದ್ದ ಸೀರೆಯ ಮೇಲೆ ಕಾಲಿಟ್ಟು ಬೈಸಿಕೊಂಡರು, ಇಂತಹ ಸುದ್ದಿಗಳು. ಲಾಕ್‌ಡೌನ್ ಮುಗಿಯಿತು, ವರದಿ ಮುಗಿಯಲಿಲ್ಲ. ಒಂದು ವಾರ ತಪ್ಪಿಸಿದರೆ ‘ಮೇಷ್ಟ್ರು ಹುಷಾರಾಗಿದ್ದಾರಾ?’ ಎಂದು ಫೋನು ಬರುತ್ತದೆ. ಕಳೆದ ತಿಂಗಳ ಒಂದು ವರದಿಯ ತುಣುಕು ಹೀಗಿದೆ:

‘ಈ ಭಾನುವಾರ ಇಪ್ಪತ್ತಮೂರು ಮಂದಿ ಹಾಜರು. ಮಂಜು ಇದ್ದುದರಿಂದ ಹೆಜ್ಜಾರ್ಲೆಗಳು ಕಾಣಲಿಲ್ಲ. ನೀರುಕಾಗೆಗಳು ಎಂದಿನಂತೆ ರೆಕ್ಕೆ ಹರಡಿ ನಮ್ಮನ್ನು ಪರಿಶೀಲಿಸಿದವು. ಕಂಡಕ್ಟರು ಎರಡು ಸುತ್ತು ಮುಗಿಸಿ ಏಳೂವರೆಯ ಬಸ್ಸಿಗೆ ಓಡಿದರು. ಅದು ಮೂರನೆಯ ಸುತ್ತೆಂದು ಪರಿಗಣಿಸಲಾಗಿದೆ. ಒಬ್ಬರ ಕಾಲು ಉಳುಕಿದೆ, ಒಂದು ವಾರ ವಿಶ್ರಾಂತಿ. ಇಡ್ಲಿಯ ಹಣ ಕೊಡದೆ ಹೋದವರು ಯಾರೆಂದು ಎಲ್ಲರಿಗೂ ಗೊತ್ತಿದೆ.’

ವರದಿಗೆ ನಾನು ಹಾಕಿಕೊಂಡ ನಿಯಮ ಒಂದೇ. ಯಾರು ಎಷ್ಟು ನಿಮಿಷದಲ್ಲಿ ಓಡಿದರೆಂದು ಬರೆಯುವುದಿಲ್ಲ. ಅಂಕಪಟ್ಟಿಯನ್ನು ಗೋಡೆಗೆ ಅಂಟಿಸಿದ ದಿನ ಕೊನೆಯ ಬೆಂಚಿನವರ ಮುಖವನ್ನು ಮೂವತ್ತನಾಲ್ಕು ವರ್ಷ ನೋಡಿದವನು ನಾನು. ಈ ವಯಸ್ಸಿನಲ್ಲಿ ಮತ್ತೊಂದು ಅಂಕಪಟ್ಟಿ ಬೇಡವೆನ್ನಿಸಿತ್ತು.

ಬಳಗದಲ್ಲಿ ಇನ್ನೊಂದು ಪದ್ಧತಿಯಿದೆ. ಕೊನೆಯಲ್ಲಿ ಬರುವವರನ್ನು ಒಂಟಿಯಾಗಿ ಬಿಡುವಂತಿಲ್ಲ. ಅವರ ಜೊತೆಗೆ ಒಬ್ಬರು ಇರಲೇಬೇಕು. ಇದಕ್ಕೆ ನಾವು ‘ಬೆನ್ನುಗಾವಲು’ ಎನ್ನುತ್ತೇವೆ. ಎರಡು ವರ್ಷಗಳಿಂದ ಆ ಹೊಣೆ ನನ್ನದು. ಹೇಗೂ ಕೊನೆಯವನು ನಾನೇ ಆದ್ದರಿಂದ ಯಾರ ಆಕ್ಷೇಪಣೆಯೂ ಇರಲಿಲ್ಲ.

ಈಗ ಹೇಳಬೇಕೆಂದಿದ್ದ ಸಂಗತಿಗೆ ಬರುತ್ತೇನೆ. ಇಷ್ಟು ಹೊತ್ತು ಸುತ್ತುಬಳಸಿ ಬಂದದ್ದು ಏಕೆಂದು ನಿಮಗೆ ತಿಳಿಯುತ್ತದೆ.

ಕಳೆದ ವರ್ಷಾಂತ್ಯದ ಒಂದು ಭಾನುವಾರ ಹೊಸದಾಗಿ ಒಬ್ಬ ಮಹಿಳೆ ಬಂದರು. ನಲವತ್ತು ದಾಟಿದ ವಯಸ್ಸು, ಚೂಡಿದಾರ, ಪೆಟ್ಟಿಗೆಯಿಂದ ಆಗತಾನೇ ತೆಗೆದಂತಿದ್ದ ಬೂಟುಗಳು. ಐದು ನಿಮಿಷದಲ್ಲಿಯೇ ಅವರು ಹಿಂದುಳಿದರು. ನಾನು ಜೊತೆಗೆ ನಿಂತೆ. ಒಂದಿಷ್ಟು ದೂರ ಮೌನವಾಗಿ ನಡೆದೆವು. ಆಮೇಲೆ ಅವರು, ‘ಸಾರ್, ನನ್ನ ಗುರುತು ಸಿಗಲಿಲ್ಲ ಅಲ್ವಾ?’ ಎಂದರು.

‘ಇಲ್ಲಮ್ಮಾ, ಕಣ್ಣು ಮಂಜಾಗಿದೆ. ಯಾವ ಬ್ಯಾಚು?’

‘ತೊಂಬತ್ತೇಳರ ಎಸ್ಸೆಸ್ಸೆಲ್ಸಿ ಸಾರ್. ಎಂಟುನೂರು ಮೀಟರು.’

ಹೆಸರು ಹೇಳುವ ಅಗತ್ಯವೇ ಬೀಳಲಿಲ್ಲ. ಮಂಡ್ಯ ಜಿಲ್ಲೆಯ ಆ ಹಳ್ಳಿಯ ಶಾಲೆಯಲ್ಲಿ ಎಂಟುನೂರು ಮೀಟರು ಎಂದರೆ ಒಬ್ಬಳೇ ಹುಡುಗಿ. ಬರಿಗಾಲಿನಲ್ಲಿ, ಲಂಗದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗದ್ದೆಯ ಬದುವಿನ ಮೇಲೆ ಓಡುವಂತೆ ಓಡುತ್ತಿದ್ದಳು. 1996ರಲ್ಲಿ ತಾಲ್ಲೂಕು ಕ್ರೀಡಾಕೂಟದಲ್ಲಿ ಮೊದಲನೆಯವಳಾಗಿ ಬಂದಳು. ಜಿಲ್ಲಾ ಮಟ್ಟಕ್ಕೆ ಆಯ್ಕೆಯಾಯಿತು. ಎರಡು ರಾತ್ರಿ ಹೊರಗೆ ಉಳಿಯಬೇಕಿತ್ತು. ಅವಳ ತಂದೆ ಶಾಲೆಗೆ ಬಂದು, ಟವೆಲನ್ನು ಕಂಕುಳಲ್ಲಿಟ್ಟುಕೊಂಡು, ತರಗತಿಯ ಅಧ್ಯಾಪಕನಾದ ನನ್ನನ್ನು ಕೇಳಿದರು: ‘ಕಳಿಸಬೈದಾ ಸ್ವಾಮಿ? ನೀವು ಹೇಳ್ದಂಗೆ.’

ದೈಹಿಕ ಶಿಕ್ಷಕರು ಪಕ್ಕದಲ್ಲಿಯೇ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಹೇಳಿದೆ: ‘ಇದು ಎಸ್ಸೆಸ್ಸೆಲ್ಸಿ ವರ್ಷ. ಓಟ ಊಟ ಹಾಕುವುದಿಲ್ಲ. ಹುಡುಗಿ ಓದಲಿ.’ ಪ್ರಾಸಬದ್ಧವಾಗಿ ಮಾತನಾಡಿದೆನೆಂಬ ಸಂತೋಷವೂ ಆ ಕ್ಷಣದಲ್ಲಿ ನನಗಿತ್ತು ಎಂಬುದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಅವಳು ಹೋಗಲಿಲ್ಲ. ಮಾರ್ಚ್‌ನಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾದಳು. ಅದನ್ನು ನನ್ನ ಸಾಧನೆಗಳ ಲೆಕ್ಕದಲ್ಲಿ ಸೇರಿಸಿಕೊಂಡು ಮರೆತುಬಿಟ್ಟೆ.

ಕೆರೆಯ ದಂಡೆಯ ಮೇಲೆ ಉಳಿದ ಕಥೆ ತಿಳಿಯಿತು. ಕಾಲೇಜು ದೂರವೆಂದು ಮನೆಯಲ್ಲಿ ಕಳುಹಿಸಲಿಲ್ಲ. ಎರಡು ವರ್ಷ ಮನೆಯಲ್ಲಿದ್ದು, ಹದಿನೆಂಟು ತುಂಬಿದೊಡನೆ ಮದುವೆ. ಮೈಸೂರಿಗೆ ಬಂದು ಹೊಲಿಗೆ ಕಲಿತು, ಸಣ್ಣದೊಂದು ಅಂಗಡಿ ನಡೆಸಿ, ಮಗಳನ್ನು ಎಂಜಿನಿಯರಿಂಗ್ ಓದಿಸುತ್ತಿದ್ದಾರೆ. ಬೂಟು ಕೊಡಿಸಿದ್ದು ಆ ಮಗಳೇ. ಯಾವ ಓದಿಗಾಗಿ ನಾನು ಓಟವನ್ನು ನಿಲ್ಲಿಸಿದೆನೋ ಆ ಓದೂ ಅಲ್ಲಿಗೇ ನಿಂತಿತ್ತು.

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಅದಕ್ಕೆ ಅವಕಾಶ ಕೊಡಲಿಲ್ಲ. ‘ಎರಡು ನಿಮಿಷ ನಲವತ್ತೊಂದು ಸೆಕೆಂಡು ಸಾರ್. ಶಾಲೆಯ ವಾರ್ಷಿಕೋತ್ಸವದಲ್ಲಿ. ಸ್ಟಾಪ್‌ವಾಚು ಹಿಡಿದಿದ್ದೋರು ನೀವೇ. ಕೂಗಿ ಹೇಳಿದ್ರಿ’ ಎಂದರು.

ನನಗೆ ನೆನಪಿರಲಿಲ್ಲ. ಗಡಿಯಾರ ಹಿಡಿದವನು ಮರೆತಿದ್ದ. ಓಡಿದವಳು ಆ ಸಂಖ್ಯೆಯನ್ನು ಮೂವತ್ತು ವರ್ಷ ಹೊಲಿಗೆಯಂತ್ರದ ಮುಂದೆ ಕುಳಿತು ಕಾಪಾಡಿಕೊಂಡು ಬಂದಿದ್ದಳು.

ಅಂದು ರಾತ್ರಿ ನಿದ್ರೆ ಬರಲಿಲ್ಲ. ಮಾರನೆಯ ದಿನದಿಂದ ಓಟದ ಇತಿಹಾಸವನ್ನು ಹುಡುಕಿ ಓದತೊಡಗಿದೆ. ಮೇಷ್ಟ್ರ ಚಾಳಿ, ದುಃಖವಾದರೂ ಪುಸ್ತಕವೇ ಬೇಕು. 1928ರ ಆ್ಯಮ್‌ಸ್ಟರ್‌ಡಾಮ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಮಹಿಳೆಯರಿಗೆ 800 ಮೀಟರ್ ಓಟವನ್ನು ಇಟ್ಟರಂತೆ. ಜರ್ಮನಿಯ ಲೀನಾ ರಾಡ್ಕೆ 2 ನಿಮಿಷ 16.8 ಸೆಕೆಂಡುಗಳಲ್ಲಿ ಗೆದ್ದರು. ಅಂತಿಮ ಸ್ಪರ್ಧೆಯಲ್ಲಿದ್ದ ಒಂಬತ್ತು ಮಂದಿಯೂ ಗುರಿ ಮುಟ್ಟಿದರು. ಆದರೆ ಪತ್ರಿಕೆಗಳು ಹೆಂಗಸರು ಓಡಲಾರದೆ ಕುಸಿದುಬಿದ್ದರೆಂದು ಉತ್ಪ್ರೇಕ್ಷಿಸಿ ಬರೆದವು. ಇದು ಸ್ತ್ರೀದೇಹಕ್ಕೆ ತಕ್ಕುದಲ್ಲವೆಂದು ದೊಡ್ಡವರು ತೀರ್ಮಾನಿಸಿದರು. ಮತ್ತೆ ಆ ಓಟ ಒಲಿಂಪಿಕ್ಸ್‌ಗೆ ಮರಳಿದ್ದು 1960ರಲ್ಲಿ, ರೋಮ್‌ನಲ್ಲಿ. ಮೂವತ್ತೆರಡು ವರ್ಷ! ಮಹಿಳೆಯರ ಮ್ಯಾರಥಾನ್ ಒಲಿಂಪಿಕ್ಸ್‌ಗೆ ಬಂದದ್ದು ಇನ್ನೂ ತಡವಾಗಿ, 1984ರ ಲಾಸ್ ಏಂಜಲೀಸ್‌ನಲ್ಲಿ.

1984 ಎಂದರೆ ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ವರ್ಷ. ಅದೇ ಕ್ರೀಡಾಕೂಟದ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ ಸೆಕೆಂಡಿನ ನೂರನೆಯ ಒಂದು ಭಾಗದಷ್ಟರಲ್ಲಿ ಕಂಚಿನ ಪದಕ ಕಳೆದುಕೊಂಡರು. ಮರುದಿನ ಸಹೋದ್ಯೋಗಿಗಳ ಕೊಠಡಿಯಲ್ಲಿ ಪತ್ರಿಕೆಯನ್ನು ಮುಂದಿಟ್ಟುಕೊಂಡು ‘ನಮ್ಮ ದೇಶದಲ್ಲಿ ಹೆಣ್ಣುಮಕ್ಕಳಿಗೆ ಪ್ರೋತ್ಸಾಹವೇ ಇಲ್ಲ’ ಎಂದು ನಾನು ಉದ್ದುದ್ದ ಮಾತನಾಡಿದ್ದು ಚೆನ್ನಾಗಿ ನೆನಪಿದೆ. ಹನ್ನೆರಡು ವರ್ಷಗಳ ನಂತರ ಒಬ್ಬ ತಂದೆ ಟವೆಲು ಕಂಕುಳಲ್ಲಿಟ್ಟುಕೊಂಡು ಎದುರು ನಿಂತಾಗ ಆ ಭಾಷಣ ಎಲ್ಲಿ ಹೋಯಿತು? ದೂರದ ಅನ್ಯಾಯವನ್ನು ಖಂಡಿಸುವುದು ಸುಲಭ. ನಮ್ಮ ಕೈಯಲ್ಲಿ ನಡೆಯುವುದು ಅನ್ಯಾಯದಂತೆ ಕಾಣುವುದೇ ಇಲ್ಲ. ಅದು ಹಿತವಚನದಂತೆ ಕಾಣುತ್ತದೆ.

ಅವಳು ಜಿಲ್ಲೆಯಲ್ಲಿ ಗೆಲ್ಲುತ್ತಿದ್ದಳೆಂದು ನಾನು ಹೇಳಲಾರೆ. ಸೋಲಲೂಬಹುದಿತ್ತು. ಸೋತು ಬಂದಿದ್ದರೂ ಎರಡು ರಾತ್ರಿ ಬೇರೆ ಊರಿನ ಹುಡುಗಿಯರೊಡನೆ ಕಳೆದು, ದೊಡ್ಡ ಮೈದಾನವನ್ನು ನೋಡಿ ಬರುತ್ತಿದ್ದಳು. ಅಷ್ಟನ್ನು ತಡೆಯುವ ಹಕ್ಕು ನನಗೆ ಯಾವ ಪದವಿಯೂ ಕೊಟ್ಟಿರಲಿಲ್ಲ.

ಅಲ್ಲಿಂದೀಚೆಗೆ ಅವರು ತಪ್ಪದೆ ಬರುತ್ತಿದ್ದಾರೆ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆಯಿಂದ ನಾವಿಬ್ಬರೂ ಮತ್ತೆ ಆರಂಭಿಸಿದೆವು. ಮೊದಲ ತಿಂಗಳು ನಾನು ಅವರಿಗೆ ಬೆನ್ನುಗಾವಲು. ಎರಡನೆಯ ತಿಂಗಳು ಜೊತೆಗಾರ. ಮೂರನೆಯ ತಿಂಗಳಲ್ಲಿ ಅವರು ಪದೇಪದೇ ನಿಂತು ನನಗಾಗಿ ಕಾಯತೊಡಗಿದಾಗ, ‘ನೀನು ಹೋಗಮ್ಮಾ, ನಾನು ಬರುತ್ತೇನೆ’ ಎಂದೆ. ಅನುಮಾನದಿಂದ ಒಮ್ಮೆ ನೋಡಿದರು. ‘ಹೋಗು’ ಎಂದೆ ಇನ್ನೊಮ್ಮೆ. ಹೋದರು. ಆ ಮಾತು ಮೂವತ್ತು ವರ್ಷ ತಡವಾಗಿತ್ತು.

ಕಳೆದ ಭಾನುವಾರ ಅವರು ಕೆರೆಯ ಸುತ್ತನ್ನು ಎಲ್ಲಿಯೂ ನಡೆಯದೆ ಓಡಿ ಮುಗಿಸಿದರು. ನಾನು ಗೇಟಿನ ಬಳಿ ತಲುಪುವ ಹೊತ್ತಿಗೆ ಅವರ ಚಹಾ ಅರ್ಧ ಮುಗಿದಿತ್ತು. ಹತ್ತಿರ ಬಂದು ಮೆಲ್ಲನೆ, ‘ಸಾರ್, ವರದಿಯಲ್ಲಿ ನನ್ನ ಟೈಮು ಹಾಕ್ತೀರಾ?’ ಎಂದರು.

‘ಟೈಮು ಹಾಕುವ ಪದ್ಧತಿ ಇಲ್ಲವಲ್ಲಮ್ಮಾ.’

‘ಗೊತ್ತು ಸಾರ್. ಆದ್ರೂ ಹಾಕಿ.’

ಕೊನೆಯ ಬೆಂಚಿನವರಿಗೆ ನೋವಾಗಬಾರದೆಂದು ನಾನು ಮಾಡಿದ್ದ ನಿಯಮ ಇನ್ನೊಬ್ಬರ ಸಂತೋಷಕ್ಕೆ ಅಡ್ಡಬರಬಹುದೆಂದು ನನಗೆ ಹೊಳೆದಿರಲಿಲ್ಲ. ಮತ್ತೊಮ್ಮೆ ಅವರ ಒಳಿತನ್ನು ನಾನೇ ನಿಶ್ಚಯಿಸುವುದು ಬೇಡವೆನ್ನಿಸಿತು. ಅಂದಿನ ವರದಿಯ ಕಡೆಯ ಸಾಲು ಹೀಗಿತ್ತು: ‘ನಮ್ಮ ಹೊಲಿಗೆಯ ಅಂಗಡಿಯ ಸದಸ್ಯೆ ಕೆರೆಯ ಪೂರ್ಣ ಸುತ್ತನ್ನು 42 ನಿಮಿಷ 10 ಸೆಕೆಂಡುಗಳಲ್ಲಿ ಓಡಿದ್ದಾರೆ. ಎಂಟುನೂರು ಮೀಟರಿನಲ್ಲಿ ಇವರ ಹಳೆಯ ದಾಖಲೆ 2 ನಿಮಿಷ 41 ಸೆಕೆಂಡು, 1996. ಸಮಯ ಹಿಡಿದವನು: ಈ ವರದಿಗಾರ.’

ಅವರ ಅನುಮತಿ ಪಡೆದೇ ಇದನ್ನು ಬರೆದಿದ್ದೇನೆ. ‘ಹೆಸರು ಬೇಡ ಸಾರ್, ಟೈಮು ಇರಲಿ’ ಎಂದರು.

ಇನ್ನು ನಿಮ್ಮಲ್ಲೊಂದು ವಿನಂತಿ. ಸಾವಿರಾರು ಮಕ್ಕಳಿಗೆ ಪಾಠ ಹೇಳಿದವನು ನಾನು. ಎಷ್ಟು ಜನರ ತಂದೆಯರಿಗೆ ಏನೇನು ಹೇಳಿ ಕಳುಹಿಸಿದ್ದೇನೋ ನನಗೆ ನೆನಪಿಲ್ಲ, ನಿಮಗೆ ನೆನಪಿರುತ್ತದೆ. ನಾಟಕವೋ, ಚಿತ್ರಕಲೆಯೋ, ಓಟವೋ, ನನ್ನ ಒಂದು ಮಾತಿನಿಂದ ನಿಮಗೆ ತಪ್ಪಿಹೋದದ್ದಿದ್ದರೆ ಸಂಕೋಚವಿಲ್ಲದೆ ಬರೆಯಿರಿ. ಸಮರ್ಥಿಸಿಕೊಳ್ಳುವುದಿಲ್ಲ. ಓದಿ, ಉತ್ತರ ಬರೆಯುತ್ತೇನೆ.

ಮೈಸೂರಿಗೆ ಬಂದವರು ಭಾನುವಾರ ಬೆಳಿಗ್ಗೆ ಆರಕ್ಕೆ ಕೆರೆಯ ಬಳಿ ಬನ್ನಿ. ಗುರುತು ಹಿಡಿಯುವುದು ಕಷ್ಟವಲ್ಲ. ಎಲ್ಲರಿಗಿಂತ ಹಿಂದೆ ಬರುತ್ತಿರುವವನೇ ನಿಮ್ಮ ಮೇಷ್ಟ್ರು.