ಕೋಣದ ಕೊಂಬಿನ ಮನೆಗಳ ನಾಡಿನಲ್ಲಿ



"ನಿಮ್ಮ ಮನೆ ಎಲ್ಲಿ?" ಎಂದು ಯಾರಾದರೂ ಕೇಳಿದರೆ ನೀವು ಏನು ಹೇಳುತ್ತೀರಿ? ಸುಲಭದ ಪ್ರಶ್ನೆ ಅಲ್ಲವೇ? ನಾನೂ ಹಾಗೆಯೇ ತಿಳಿದಿದ್ದೆ. ಸುಮಾತ್ರ ದ್ವೀಪದ ಒಂದು ಬೆಟ್ಟದೂರಿನಲ್ಲಿ ಎಪ್ಪತ್ತೈದು ದಾಟಿದ ಅಜ್ಜಿಯೊಬ್ಬರು ನನ್ನನ್ನು ಇದೇ ಪ್ರಶ್ನೆ ಕೇಳಿದರು. "ಈಗ ಕೌಲಾಲಂಪುರದಲ್ಲಿ ಬಾಡಿಗೆ ಮನೆ. ಊರಲ್ಲಿ, ಮಂಗಳೂರಿನ ಹತ್ತಿರ ನಮ್ಮ ಮನೆ ಇದೆ" ಎಂದೆ. "ಅದು ನಿನ್ನ ಉಮ್ಮನ ಮನೆಯೋ?" ಎಂದರು. "ಅಲ್ಲ, ನನ್ನ ಗಂಡನ ಮನೆ" ಎಂದೆ. "ಅಂದರೆ ಅವನ ತಾಯಿಯ ಮನೆ. ನಿನ್ನದು ಎಲ್ಲಿ?" ಎಂದು ಅವರು ಮತ್ತೆ ಕೇಳಿದರು. ನನ್ನ ಮಲಯ ಭಾಷೆ ಮಾರುಕಟ್ಟೆಯಲ್ಲಿ ಮೀನು, ತರಕಾರಿ ಕೊಳ್ಳಲು ಸಾಕಾಗುವಷ್ಟು. ಭಾಷೆ ಬಾರದೆ ಸುಮ್ಮನಾದೆನೆಂದು ಅವರು ಭಾವಿಸಿರಬೇಕು. ಆದರೆ ಕನ್ನಡದಲ್ಲಿ ಕೇಳಿದ್ದರೂ ನನ್ನಲ್ಲಿ ಉತ್ತರವಿರಲಿಲ್ಲ.

ನನ್ನ ಪತಿಯ ಉದ್ಯೋಗದ ನಿಮಿತ್ತ ನಾವು ಐದು ವರ್ಷಗಳಿಂದ ಮಲೇಷ್ಯಾದಲ್ಲಿದ್ದೇವೆ. ನಮ್ಮ ಎದುರು ಫ್ಲ್ಯಾಟಿನ ನೆರೆಯಾಕೆ ಮಿನಾಂಗ್‌ಕಬಾವು ಜನಾಂಗದವರು. ನನ್ನನ್ನು ಪ್ರೀತಿಯಿಂದ 'ಕಾಕ' ಎಂದು ಕರೆಯುತ್ತಾರೆ. ನಮ್ಮ ಕಡೆ ಕಾಕ ಎಂದರೆ ಗಂಡಸು, ಅಲ್ಲಿ ಅಕ್ಕ! ಮೊದಮೊದಲು ನನಗೆ ನಗು ಬರುತ್ತಿತ್ತು. ಮಕ್ಕಳಿಗೆ ರಜೆ ಸಿಕ್ಕಾಗ ಆಕೆ ತನ್ನ ತಾಯಿಮನೆಗೆ ಹೊರಟಿದ್ದರು, ನಮ್ಮನ್ನೂ ಕರೆದರು. ಕೌಲಾಲಂಪುರದಿಂದ ಪಡಾಂಗ್ ನಗರಕ್ಕೆ ವಿಮಾನದಲ್ಲಿ ಒಂದು ಗಂಟೆಯ ದಾರಿ. ಅಲ್ಲಿಂದ ಕಾರಿನಲ್ಲಿ ಘಟ್ಟ ಹತ್ತಬೇಕು. ನಮ್ಮ ಚಾರ್ಮಾಡಿಯನ್ನು ಮಳೆಗಾಲದಲ್ಲಿ ಹತ್ತಿದವರಿಗೆ ಆ ದಾರಿ ಹೊಸತೆನಿಸದು. ಅದೇ ಹಸಿರು, ಅದೇ ಮಂಜು, ರಸ್ತೆಬದಿಯಲ್ಲೇ ಧುಮುಕುವ ಜಲಪಾತ. ವ್ಯತ್ಯಾಸವೆಂದರೆ ಅಲ್ಲಿನ ಬೆಟ್ಟಗಳು ಹೊಗೆಯಾಡುತ್ತವೆ. ಮರಾಪಿ ಎಂಬ ಜ್ವಾಲಾಮುಖಿ 2023ರ ಡಿಸೆಂಬರಿನಲ್ಲಿ ಸಿಡಿದು, ಬೆಟ್ಟ ಹತ್ತಲು ಹೋಗಿದ್ದ 24 ಮಂದಿ ಮೃತಪಟ್ಟರು. 2024ರ ಮೇ ತಿಂಗಳಲ್ಲಿ ಅದೇ ಬೆಟ್ಟದ ಬೂದಿ, ಕಲ್ಲುಗಳು ಮಳೆನೀರಿನೊಂದಿಗೆ ಕೊಚ್ಚಿ ಬಂದು ಅರುವತ್ತಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡವು. ಆ ಬೂದಿಯೇ ಗದ್ದೆಗಳಿಗೆ ಗೊಬ್ಬರ. ಬೆಟ್ಟದ ಬುಡದಲ್ಲಿ ಭತ್ತ ತೊನೆಯುವುದನ್ನು ನೋಡುತ್ತಾ ಕುಳಿತರೆ, ಮೇಲಿರುವ ಹೊಗೆ ಮರೆತೇ ಹೋಗುತ್ತದೆ.

ಬುಕಿತ್ತಿಂಗಿ ಪಟ್ಟಣ ದಾಟಿದ ಮೇಲೆ ಅಲ್ಲಲ್ಲಿ ವಿಚಿತ್ರ ಮನೆಗಳು ಕಾಣಿಸತೊಡಗಿದವು. ಮಾಡಿನ ಎರಡೂ ತುದಿ ಆಕಾಶಕ್ಕೆ ಚೂಪಾಗಿ ಎದ್ದಿದೆ, ಥೇಟ್ ಕೋಣದ ಕೊಂಬಿನಂತೆ. 'ರುಮಾ ಗದಾಂಗ್', ಅಂದರೆ ದೊಡ್ಡ ಮನೆ. ಮಿನಾಂಗ್‌ಕಬಾವು ಎಂಬ ಹೆಸರಿಗೇ 'ಗೆದ್ದ ಕೋಣ' ಎಂಬ ಅರ್ಥ ಹೇಳುತ್ತಾರೆ. ಅದರ ಹಿಂದೆ ಒಂದು ಕಥೆಯಿದೆ. ಜಾವಾದಿಂದ ದಂಡೆತ್ತಿ ಬಂದವರೊಡನೆ ಯುದ್ಧದ ಬದಲು ಕೋಣಗಳ ಕಾಳಗ ಮಾಡೋಣವೆಂದು ಒಪ್ಪಂದವಾಯಿತಂತೆ. ಅವರು ಭಾರೀ ಕೋಣ ತಂದರು. ಇವರು ಹಾಲು ಕುಡಿಸದೆ ಹಸಿದಿಟ್ಟ ಒಂದು ಕರುವಿನ ಮೂತಿಗೆ ಚೂಪಾದ ಕಬ್ಬಿಣ ಕಟ್ಟಿ ಬಿಟ್ಟರು. ಕರು ತಾಯಿಯೆಂದು ಓಡಿ ಹೋಗಿ ಕೆಚ್ಚಲು ಹುಡುಕಿತು, ಕೋಣದ ಹೊಟ್ಟೆ ಸೀಳಿತು. ಕಥೆ ನಿಜವೋ ಸುಳ್ಳೋ, ನನ್ನ ಕಿರಿಯ ಮಗ ಮಾತ್ರ ಆ ಕೋಣಕ್ಕಾಗಿ ಅತ್ತುಬಿಟ್ಟ.

ಆ ದೊಡ್ಡ ಮನೆಯೊಳಗೆ ಹೋದಾಗಲೇ ಅಜ್ಜಿಯ ಪ್ರಶ್ನೆಯ ಅರ್ಥ ನನಗಾದದ್ದು. ಕಂಬಗಳ ಮೇಲೆ ನಿಂತ ಮರದ ಮನೆ. ಮರದ ತುಂಡುಗಳನ್ನು ಒಂದಕ್ಕೊಂದು ಕಚ್ಚಿಸಿ ಕಟ್ಟಿರುವುದರಿಂದ ಭೂಕಂಪವಾದಾಗ ಮನೆ ಅಲುಗಾಡುತ್ತದೆಯೇ ಹೊರತು ಸುಲಭವಾಗಿ ಬೀಳುವುದಿಲ್ಲವಂತೆ. ಮುಂಭಾಗ ಉದ್ದಕ್ಕೂ ತೆರೆದ ಚಾವಡಿ, ಹಿಂಭಾಗದಲ್ಲಿ ಸಾಲಾಗಿ ಕೋಣೆಗಳು. ಆ ಕೋಣೆಗಳು ಮನೆಯ ಹೆಣ್ಣುಮಕ್ಕಳಿಗೆ. ಮದುವೆಯಾದ ಮಗಳಿಗೆ ಒಂದು ಕೋಣೆ, ಅವಳ ಗಂಡ ಅಲ್ಲಿಗೆ ಬರುತ್ತಾನೆ. ಹಾಗಾದರೆ ಗಂಡುಮಕ್ಕಳಿಗೆ? ಅವರಿಗೆ ಅಲ್ಲಿ ಕೋಣೆಯೇ ಇಲ್ಲ! ಹಿಂದಿನ ಕಾಲದಲ್ಲಿ ಹುಡುಗ ಏಳೆಂಟು ವರ್ಷದವನಾದಾಗಲೇ ರಾತ್ರಿ 'ಸುರಾವು'ವಿಗೆ ಹೋಗಿ ಮಲಗಬೇಕಿತ್ತು. ಸುರಾವು ಎಂದರೆ ಸಣ್ಣ ನಮಾಝ್ ಮನೆ. ಅಲ್ಲೇ ಕುರ್‌ಆನ್ ಪಾರಾಯಣ, ಅಲ್ಲೇ ಕಸರತ್ತು, ಅಲ್ಲೇ ಹಿರಿಯರ ಮಾತು. ಬೆಳೆದ ಮೇಲೆ ಊರು ಬಿಟ್ಟು ದುಡಿಯಲು ಹೋಗುವುದು. ಇದಕ್ಕೆ 'ಮೆರಂತಾವು' ಎನ್ನುತ್ತಾರೆ. ನಮ್ಮ ಕರಾವಳಿಯ ಯುವಕರು ಗಲ್ಫಿಗೆ ಹೋದಂತೆ ಎಂದುಕೊಳ್ಳಿ. ಆದರೆ ಅವರು ತಲೆಮಾರುಗಳಿಂದ ಹೋಗುತ್ತಿದ್ದಾರೆ. ಇಂಡೋನೇಷ್ಯಾದ ಯಾವ ಪೇಟೆಗೆ ಹೋದರೂ ಒಂದು ಪಡಾಂಗ್ ಹೋಟೆಲು ಇರುವುದು ಈ ಕಾರಣಕ್ಕೇ.

ಗದ್ದೆ, ಮನೆ, ಕುಲದ ಹೆಸರು ಎಲ್ಲವೂ ತಾಯಿಯಿಂದ ಮಗಳಿಗೆ. 2010ರ ಜನಗಣತಿಯಲ್ಲಿ ಇವರ ಸಂಖ್ಯೆ ಸುಮಾರು 65 ಲಕ್ಷ. ಜಗತ್ತಿನ ಅತಿದೊಡ್ಡ ಮಾತೃಮೂಲ ಸಮಾಜ ಇದೇ ಎನ್ನುತ್ತಾರೆ, ಮತ್ತು ಇವರು ಶ್ರದ್ಧಾವಂತ ಮುಸ್ಲಿಮರು. ನಮಗೆ ಇದು ತೀರಾ ಅಪರಿಚಿತವೇನಲ್ಲ. ತುಳುನಾಡಿನ ಅಳಿಯಸಂತಾನ ನಮಗೆ ಗೊತ್ತು. ಕಣ್ಣೂರಿನ ಮಾಪಿಳ್ಳೆಗಳ ತರವಾಡು ಮನೆಗಳ ಬಗ್ಗೆ ಕೇಳಿದ್ದೇವೆ, ಅರಕ್ಕಲ್ ಮನೆತನದಲ್ಲಿ ಬೀವಿಯರು ರಾಜ್ಯವಾಳಿದ್ದೂ ಇದೆ. ಅಲ್ಲೂ ತಾಯಿಯ ಸೋದರನಿಗೆ 'ಮಾಮಕ್' ಎನ್ನುತ್ತಾರೆ, ನಮ್ಮ ಮಾಮನೇ! ಮಾಮಕ್‌ನ ಬಿರುದು ಸೋದರಳಿಯನಿಗೆ ಸಲ್ಲುತ್ತದೆ.

"ಶರೀಅತ್‌ನಲ್ಲಿ ಹೆಣ್ಣಿಗೂ ಗಂಡಿಗೂ ಪಾಲು ನಿಗದಿಯಾಗಿದೆಯಲ್ಲ, ಮತ್ತೆ ಇದು ಹೇಗೆ?" ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಈ ಪ್ರಶ್ನೆಗೆ ಆ ನಾಡು ಇನ್ನೂರು ವರ್ಷಗಳಿಂದ ತಲೆ ಕೆಡಿಸಿಕೊಂಡಿದೆ ಸಹೋದರಿಯರೇ, ರಕ್ತವನ್ನೂ ಹರಿಸಿದೆ. 1803ರಲ್ಲಿ ಹಜ್ಜ್ ಮುಗಿಸಿ ಮಕ್ಕಾದಿಂದ ಮರಳಿದ ಮೂವರು ಹಾಜಿಗಳು ಸುಧಾರಣೆಯ ಕರೆ ನೀಡಿದರು. ಜೂಜು, ಕೋಳಿ ಅಂಕ, ಅಫೀಮು ನಿಲ್ಲಬೇಕೆಂದರು. ಒಳ್ಳೆಯ ಮಾತೇ. ಆದರೆ ಮಾತು ಕತ್ತಿಯಾಯಿತು, ಊರುಗಳು ಸುಟ್ಟವು, ಪಗರುಯುಂಗ್‌ನ ಅರಮನೆಯೂ ಸುಟ್ಟಿತು. ಪಾದ್ರಿ ಯುದ್ಧವೆಂದು ಅದಕ್ಕೆ ಹೆಸರು. 1821ರಲ್ಲಿ ಡಚ್ಚರು ನಡುವೆ ನುಗ್ಗಿದರು. ಅಣ್ಣತಮ್ಮಂದಿರ ಜಗಳದಲ್ಲಿ ಮೂರನೆಯವನಿಗೆ ಲಾಭವಾಗುವುದು ಹೊಸ ಕಥೆಯಲ್ಲ. ಸುಧಾರಕರ ನಾಯಕ ತುವಾಂಕು ಇಮಾಮ್ ಬೊಂಜೋಲ್‌ರನ್ನು 1837ರಲ್ಲಿ ಸೆರೆಹಿಡಿದು ಗಡೀಪಾರು ಮಾಡಲಾಯಿತು. ನನ್ನನ್ನು ತಟ್ಟಿದ ವಿಷಯ ಬೇರೆಯೇ. ತಮ್ಮ ಕಡೆಯವರು ಕುರ್‌ಆನ್‌ನ ನಿಯಮ ಮೀರಿ ಜನರ ಸೊತ್ತು ದೋಚಿದ್ದಾರೆಂದು ಅವರಿಗೆ ಅರಿವಾಯಿತು. ದೋಚಿದ್ದನ್ನು ಹಿಂದಿರುಗಿಸಲು ಮುಂದಾದರು ಎಂದು ಅವರ ಆತ್ಮಕಥನದಲ್ಲೇ ಇದೆ. ಯುದ್ಧದ ನಡುವೆ ನಿಂತು 'ನಮ್ಮಿಂದ ತಪ್ಪಾಯಿತು' ಎನ್ನುವುದಕ್ಕೆ ಎಷ್ಟು ಧೈರ್ಯ ಬೇಕು!

ಆ ಬಳಿಕವೂ ಚರ್ಚೆ ನಿಲ್ಲಲಿಲ್ಲ. ಮಕ್ಕಾದ ಮಸ್ಜಿದುಲ್ ಹರಾಮ್‌ನಲ್ಲಿ ಇಮಾಮರಾಗಿದ್ದ ಶೇಖ್ ಅಹ್ಮದ್ ಖತೀಬ್ ಇದೇ ನಾಡಿನ ಮಗ. ಅವರು ಈ ಉತ್ತರಾಧಿಕಾರ ಪದ್ಧತಿಯನ್ನು ಕಟುವಾಗಿ ಖಂಡಿಸಿದರು. ಅವರ ಶಿಷ್ಯರೇ ಆದ ಹಾಜಿ ರಸೂಲ್ ಇನ್ನೊಂದು ದೃಷ್ಟಿಯಿಂದ ನೋಡಿದರು. ಪೂರ್ವಜರ ಗದ್ದೆ ಯಾರೊಬ್ಬರ ಖಾಸಗಿ ಸೊತ್ತಲ್ಲ, ಅದು ವಕ್ಫ್‌ನಂತೆ ಎಂದರು. ಕೊನೆಗೆ 1952ರಲ್ಲಿ ಬುಕಿತ್ತಿಂಗಿಯಲ್ಲಿ ವಿದ್ವಾಂಸರು, ಕುಲದ ಹಿರಿಯರು ಒಟ್ಟಿಗೆ ಕುಳಿತು ಒಂದು ತೀರ್ಮಾನಕ್ಕೆ ಬಂದರು. ಪೂರ್ವಜರಿಂದ ಬಂದ ಗದ್ದೆ, ಮನೆ ಪದ್ಧತಿಯಂತೆ ತಾಯಿಯ ಸಂತಾನದ ಕೈಯಲ್ಲಿರಲಿ, ಅದನ್ನು ಮಾರುವಂತಿಲ್ಲ. ತಾವೇ ದುಡಿದು ಗಳಿಸಿದ್ದು ಶರೀಅತ್ ಪ್ರಕಾರ ಮಕ್ಕಳಿಗೆ ಹಂಚಿಕೆಯಾಗಲಿ. ಇದು ಸರಿಯೋ ತಪ್ಪೋ ಎಂದು ಹೇಳಲು ನಾನು ಆಲಿಮತ್ ಅಲ್ಲ. ಆದರೆ ಒಂದಂತೂ ನಿಜ, ಅಲ್ಲಿ ನಡೆದ ವಾದವೆಲ್ಲ ಗಂಡುಮಕ್ಕಳಿಗೆ ಅನ್ಯಾಯವಾಗುತ್ತಿದೆಯೇ ಎಂಬುದರ ಬಗ್ಗೆ.

ಇನ್ನು ನಮ್ಮ ಮನೆಯ ಕಥೆ ಕೇಳಿ. ಉಪ್ಪ ತೀರಿಹೋಗಿ ಒಂದು ವರ್ಷವಾಗಿತ್ತು. ನಾವು ಮೂವರು ಹೆಣ್ಣುಮಕ್ಕಳು, ಇಬ್ಬರು ಗಂಡುಮಕ್ಕಳು. ಒಂದು ದಿನ ನಮ್ಮನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋದರು. ಹಕ್ಕು ಬಿಡುಗಡೆ ಪತ್ರ. "ಇಲ್ಲಿ ಸಹಿ, ಇಲ್ಲಿ ಹೆಬ್ಬೆಟ್ಟು" ಎಂದರು, ಹಾಕಿದೆವು. "ಮದುವೆಗೆ ಚಿನ್ನ ಕೊಟ್ಟಿದ್ದೇವಲ್ಲ" ಎಂಬ ಮಾತು ಯಾರ ಬಾಯಿಂದಲೋ ಬಂತು. ಯಾರೂ ಬೆದರಿಸಲಿಲ್ಲ. ಬರುವಾಗ ಹೋಟೆಲಿನಲ್ಲಿ ಬಿರಿಯಾನಿ ತಿನ್ನಿಸಿದರು, ನಾವು ನಗುನಗುತ್ತಲೇ ತಿಂದೆವು. ಸೂರಃ ಅನ್ನಿಸಾದಲ್ಲಿ ಮಗಳ ಪಾಲು ಎಷ್ಟೆಂದು ಮದ್ರಸದಲ್ಲಿ ಬಾಯಿಪಾಠ ಮಾಡಿದವಳು ನಾನು! ಆ ದಿನ ಅದು ನೆನಪಿಗೇ ಬರಲಿಲ್ಲ. ಬಂದಿದ್ದರೂ ಹೇಳುತ್ತಿರಲಿಲ್ಲ ಬಿಡಿ. ತವರಿನ ಬಾಗಿಲು ಮುಚ್ಚೀತೆಂಬ ಭಯ ಯಾವ ಹೆಣ್ಣಿಗಿಲ್ಲ?

ಹಾಗೆಂದು ಮಿನಾಂಗ್‌ಕಬಾವು ನಾಡನ್ನು ಸ್ವರ್ಗವೆಂದು ತಿಳಿಯಬೇಡಿ. ದೊಡ್ಡ ತೀರ್ಮಾನಗಳಲ್ಲಿ ಮಾಮಕ್‌ನ ಮಾತೇ ನಡೆಯುತ್ತದೆ. ಪರಿಯಾಮನ್ ಎಂಬ ಕರಾವಳಿ ಪಟ್ಟಣದ ಕಡೆ ಮದುಮಗನನ್ನು ಕರೆತರಲು ಹೆಣ್ಣಿನ ಕಡೆಯವರು ಹಣ ಕೊಡುವ ರೂಢಿಯಿದೆ. ಅದನ್ನು ಕೇಳಿದಾಗ "ಅಯ್ಯೋ, ಇಲ್ಲೂ ಬಂತಾ ಇದು!" ಎನಿಸಿತು. ಮಾವನ ಮನೆಯಲ್ಲಿ ಅತಿಥಿಯಂತೆ ಬದುಕುವ ಗಂಡಂದಿರ ಪಾಡಿನ ಬಗ್ಗೆ ನನ್ನ ಪತಿ ಬಹಳ ಮರುಗಿದರು. ಮದುವೆಯಾಗಿ ಬಂದ ನನ್ನ ಪಾಡೂ ಅದೇ ಅಲ್ಲವೇ ಎಂದೆ. ಅವರು ಕಿಟಕಿಯಾಚೆ ಗದ್ದೆ ನೋಡತೊಡಗಿದರು.

ಅಜ್ಜಿ ನಮಗೆ ತೆಂಗಿನ ಚಿಪ್ಪಿನಲ್ಲಿ ಒಂದು ಬಿಸಿ ಪಾನೀಯ ಕೊಟ್ಟರು. ಚಹಾದಂತಿದೆ, ಚಹಾ ಅಲ್ಲ. ಕಾಫಿ ಗಿಡದ ಎಲೆಯನ್ನು ಹೊಗೆಯಲ್ಲಿ ಒಣಗಿಸಿ ಕುದಿಸಿದ ಕಷಾಯವದು. 1847ರಿಂದ ಡಚ್ಚರು ಇಲ್ಲಿನ ರೈತರಿಂದ ಕಡ್ಡಾಯವಾಗಿ ಕಾಫಿ ಬೆಳೆಸಿ, ಬೀಜವನ್ನೆಲ್ಲ ತಮ್ಮ ಗೋದಾಮಿಗೆ ಸಾಗಿಸುತ್ತಿದ್ದರು. ಬೆಳೆದವರಿಗೆ ಉಳಿದದ್ದು ಎಲೆ ಎಂದು ಅಲ್ಲಿಯವರು ಹೇಳುತ್ತಾರೆ. ಡಚ್ಚರು ಜಾವಾಕ್ಕೆ ಕಾಫಿ ಗಿಡ ಒಯ್ದದ್ದು ನಮ್ಮ ಮಲಬಾರ್ ತೀರದಿಂದ, 1690ರ ದಶಕದಲ್ಲಿ. ಚಿಕ್ಕಮಗಳೂರಿನ ಬಾಬಾಬುಡನ್ ಗಿರಿಯ ಕಾಫಿಯ ಕಥೆ ಅಜ್ಜಿಗೆ ಹೇಳಬೇಕೆನಿಸಿತು. ನನ್ನ ಮಾರುಕಟ್ಟೆಯ ಮಲಯ ಸಾಲಲಿಲ್ಲ.

ಅಡುಗೆಮನೆಯಲ್ಲಿ ರೆಂದಾಂಗ್ ಬೇಯುತ್ತಿತ್ತು. ದನದ ಮಾಂಸ, ತೆಂಗಿನ ಹಾಲು, ಒಣಮೆಣಸು, ಶುಂಠಿ, ಅರಸಿನ, ಮಜ್ಜಿಗೆ ಹುಲ್ಲು. ನಮ್ಮ ಗಸಿಯಂತೆಯೇ ಶುರುವಾಗುತ್ತದೆ. ನಾವು ಗಸಿಗೆ ನಿಲ್ಲಿಸುತ್ತೇವೆ, ಅವರು ನಿಲ್ಲಿಸುವುದಿಲ್ಲ. ಹಾಲು ಆರಿ, ಎಣ್ಣೆ ಬಿಟ್ಟು, ಮಾಂಸ ಕಪ್ಪಾಗುವ ತನಕ ಗಂಟೆಗಟ್ಟಲೆ ಕೈಯಾಡಿಸುತ್ತಿರಬೇಕು. ಹಾಗೆ ಮಾಡಿದ್ದು ಫ್ರಿಜ್ ಇಲ್ಲದೆಯೂ ವಾರಗಟ್ಟಲೆ ಕೆಡದು. ಊರು ಬಿಟ್ಟು ಹೋಗುವ ಮಗನ ಬುತ್ತಿಗೆ ಕಟ್ಟಿದ ಅಡುಗೆಯದು.

ಮರುದಿನ ನೆರೆಯಾಕೆ ನಮ್ಮನ್ನು ಪಡಾಂಗ್ ಪಂಜಾಂಗ್ ಎಂಬ ಊರಿಗೆ ಕರೆದುಕೊಂಡು ಹೋದರು. ಸದಾ ಮಳೆ ಹನಿಯುವ ತಂಪು ಊರು. ಅಲ್ಲೊಂದು ಹೆಣ್ಣುಮಕ್ಕಳ ಶಾಲೆಯಿದೆ, 'ದೀನಿಯ್ಯಾ ಪುತ್ರಿ'. ಅದನ್ನು ಕಟ್ಟಿದವರು ರಹ್ಮಾ ಅಲ್ ಯೂನುಸಿಯ್ಯಾ. ಹುಟ್ಟಿದ್ದು 1900ರಲ್ಲಿ. ಹದಿನಾರರ ವಯಸ್ಸಿಗೆ ಮದುವೆ, 1922ರಲ್ಲಿ ತಲಾಖ್. ಮಕ್ಕಳಾಗಲಿಲ್ಲ. ನಮ್ಮಲ್ಲಾದರೆ ಇಪ್ಪತ್ತೆರಡರ ಆ ಹೆಣ್ಣಿನ ಬಗ್ಗೆ ಊರು ಏನೆನ್ನುತ್ತಿತ್ತೆಂದು ನಿಮಗೇ ಗೊತ್ತು. ಆಕೆ ಅಣ್ಣನ ಶಾಲೆಯಲ್ಲಿ ಹುಡುಗರೊಂದಿಗೆ ಕಲಿಯುತ್ತಿದ್ದರು. ಹುಡುಗರ ಮುಂದೆ ಹೆಣ್ಣುಮಕ್ಕಳಿಗೆ ತಮ್ಮ ದೇಹದ, ಶುದ್ಧಿಯ ಮಸ್‌ಅಲಗಳನ್ನು ಕೇಳಲು ಸಂಕೋಚವಾಗುವುದನ್ನು ಕಂಡರು. 1923ರ ನವೆಂಬರಿನಲ್ಲಿ ಮಸೀದಿಯೊಂದರಲ್ಲಿ 71 ಮಂದಿಯೊಂದಿಗೆ ತರಗತಿ ಶುರು ಮಾಡಿದರು. ಹೆಚ್ಚಿನವರು ಗೃಹಿಣಿಯರು! 1926ರ ಭೂಕಂಪದಲ್ಲಿ ಶಾಲೆಯ ಕಟ್ಟಡ ನೆಲಸಮವಾಯಿತು. ರಹ್ಮಾ ಸುಮಾತ್ರದ ಊರೂರು ತಿರುಗಿ ದೇಣಿಗೆ ಎತ್ತಿ ಮತ್ತೆ ಕಟ್ಟಿದರು. ಡಚ್ ಸರಕಾರದ ಹಣ ಮುಟ್ಟಲಿಲ್ಲ. ಹೆರಿಗೆ ಮಾಡಿಸುವುದನ್ನೂ ಸ್ವತಃ ಕಲಿತು ಕಲಿಸಿದರು.

1955ರಲ್ಲಿ ಈಜಿಪ್ಟಿನ ಅಲ್ ಅಝ್ಹರ್‌ನ ಮುಖ್ಯಸ್ಥರು ಈ ಶಾಲೆಗೆ ಭೇಟಿ ಕೊಟ್ಟರು. ಸಾವಿರ ವರ್ಷಗಳ ಇತಿಹಾಸದ ಅಲ್ ಅಝ್ಹರ್‌ನಲ್ಲಿ ಆಗ ಹೆಣ್ಣುಮಕ್ಕಳ ವಿಭಾಗವೇ ಇರಲಿಲ್ಲ. 1957ರಲ್ಲಿ ರಹ್ಮಾರನ್ನು ಕೈರೋಗೆ ಕರೆಸಿ 'ಶೇಖಾ' ಎಂಬ ಬಿರುದು ನೀಡಿದರು, ಅಲ್ಲಿಯವರೆಗೆ ಯಾವ ಹೆಣ್ಣಿಗೂ ಸಿಗದ ಗೌರವ. 1962ರಲ್ಲಿ ಅಲ್ ಅಝ್ಹರ್ ತನ್ನ ಮಹಿಳಾ ಕಾಲೇಜು ತೆರೆಯಿತು. ಇಷ್ಟೆಲ್ಲ ಓದಿದವಳೆಂದುಕೊಂಡ ನನಗೆ ಆ ದಿನದವರೆಗೆ ಈ ಹೆಸರೇ ಗೊತ್ತಿರಲಿಲ್ಲ. ಅವರು 1969ರಲ್ಲಿ ನಿಧನರಾದರು. ಇಂಡೋನೇಷ್ಯಾ ಅವರನ್ನು ರಾಷ್ಟ್ರವೀರೆಯೆಂದು ಘೋಷಿಸಿದ್ದು 2025ರಲ್ಲಿ. ಬುಕಿತ್ತಿಂಗಿಯ ಪಕ್ಕದ ಹಳ್ಳಿಯಲ್ಲಿ ಹುಟ್ಟಿದ ರೋಹಾನಾ ಕುದ್ದೂಸ್ ಶಾಲೆಗೇ ಹೋದವರಲ್ಲ, ತಂದೆಯಿಂದ ಓದು ಕಲಿತವರು. ಅವರು 1912ರಲ್ಲೇ ಮಹಿಳೆಯರಿಗಾಗಿ ಪತ್ರಿಕೆ ಹೊರಡಿಸಿದ್ದರು.

ಶಾಲೆಯ ಗೇಟಿನ ಬಳಿ ನಾವು ಮಳೆಗೆ ನಿಂತಿದ್ದಾಗ ಹುಡುಗಿಯರ ದಂಡೊಂದು ಕೊಡೆ ಹಂಚಿಕೊಂಡು ಹೊರಬಂತು. ಒಬ್ಬಳು ನನ್ನ ಮಗಳಿಗೆ ಸಲಾಮ್ ಹೇಳಿದಳು. ಎಂಟನೇ ತರಗತಿಯ ನನ್ನ ಮಗಳು ಆ ಸಂಜೆ ನನ್ನನ್ನು ಕೇಳಿದಳು: "ಉಮ್ಮ, ಅಜ್ಜಿ ಕೇಳಿದಾಗ ನೀವು ಯಾಕೆ ಸುಮ್ಮನಿದ್ದಿರಿ?" ಅವಳಿಗೆ ನನಗಿಂತ ಚೆನ್ನಾಗಿ ಮಲಯ ಬರುತ್ತದೆ, ಎಲ್ಲವೂ ಅರ್ಥವಾಗಿತ್ತು.

ಕೌಲಾಲಂಪುರಕ್ಕೆ ಮರಳಿದ ಮೇಲೆ ಊರಿಗೆ ಫೋನು ಮಾಡಿದೆ. ಪ್ರವಾಸದ ಸುದ್ದಿಯೆಲ್ಲ ಹೇಳಿ ಕೊನೆಗೆ ಮೆಲ್ಲಗೆ ಆ ಪತ್ರದ ವಿಷಯ ಎತ್ತಿದೆ. ಉಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ನನ್ನ ಉಪ್ಪನ ತೋಟದಲ್ಲಿ ನನಗೂ ಪಾಲಿತ್ತು ಮಗಳೇ. ನಾನೂ ಸಹಿ ಹಾಕಿದವಳೇ. ಆ ತೋಟದ ಹಲಸಿನ ಹಣ್ಣು ಒಂದೆರಡು ವರ್ಷ ಕಳಿಸಿಕೊಟ್ಟರು" ಎಂದರು. ಆ ಪತ್ರದ ಒಂದು ಪ್ರತಿ ತೆಗೆಸಿಡಿ, ಮುಂದಿನ ರಜೆಯಲ್ಲಿ ಬಂದಾಗ ಅಣ್ಣನ ಹತ್ತಿರ ಮಾತಾಡುತ್ತೇನೆ ಎಂದೆ. ಅವರು ಆಗಲಿ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. "ಆ ಮಾಂಸದ ಅಡುಗೆಗೆ ಎಷ್ಟು ತೆಂಗಿನಕಾಯಿ ಬೇಕೆಂದೆ?" ಎಂದು ಕೇಳಿದರು.