ರಿವಾಲ್ವರಿನಲ್ಲೂ ಮಗಳಿಗೆ ಪಾಲಿದೆ

ಹರಿಹರದಲ್ಲಿದ್ದ ನನ್ನ ಸೋದರಮಾವ ತೀರಿಕೊಂಡ ಕೆಲವು ವಾರಗಳ ಬಳಿಕ, ಮೀರಾಸ್‌ನ ಲೆಕ್ಕ ಹಾಕಿಕೊಡಲು ಮನೆಯವರು ನನ್ನನ್ನು ದಾವಣಗೆರೆಯಿಂದ ಕರೆಸಿಕೊಂಡರು. ಮನೆ, ಸೈಟು, ಬ್ಯಾಂಕಿನ ಹಣ ಎಲ್ಲವನ್ನೂ ಬರೆದಾಯಿತು. ಕೊನೆಗೆ ಟ್ರಂಕಿನಿಂದ ಬಟ್ಟೆಯಲ್ಲಿ ಸುತ್ತಿದ್ದ ರಿವಾಲ್ವರ್ ಹೊರಬಂತು. ಅದು ಮಾವನಿಗೆ ಅವರ ತಂದೆಯಿಂದ ಬಂದದ್ದು.

"ಇದು ಗಂಡಸರ ವಸ್ತು, ಲೆಕ್ಕಕ್ಕೆ ಬೇಡ" ಎಂದ ಹಿರಿಯ ಮಗ. "ಬಿಡಿ ಭಾಯಿ, ನನಗೂ ಬೇಡ" ಎಂದಳು ತಂಗಿ.

"ಬೇಡವೆನ್ನುವ ಮೊದಲು ಅದರ ಬೆಲೆ ಎಷ್ಟೆಂದು ತಿಳಿಯೋಣಮ್ಮ" ಎಂದೆ.

ಅನ್ನಿಸಾ ಅಧ್ಯಾಯದ 7ನೇ ಸೂಕ್ತವು ಹೆಣ್ಣಿನ ಪಾಲನ್ನು ಖಚಿತಪಡಿಸುವಾಗ ಆಸ್ತಿಯ ಗಾತ್ರವನ್ನು ನೋಡುವುದಿಲ್ಲ. ಅಂತ್ಯಸಂಸ್ಕಾರದ ವೆಚ್ಚ, ಸಾಲ, ವಸಿಯ್ಯತ್ ತೀರಿದ ಮೇಲೆ ಉಳಿದುದೆಲ್ಲವೂ ವಾರಸುದಾರರದು. ಪತ್ನಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಇರುವ ಈ ಮನೆಯಲ್ಲಿ 40 ಭಾಗ ಮಾಡಬೇಕು: ಪತ್ನಿಗೆ ಎಂಟನೇ ಒಂದರಂತೆ 5, ಪ್ರತಿ ಮಗನಿಗೆ 14, ಮಗಳಿಗೆ 7.

ಆದರೆ ಲೈಸೆನ್ಸ್ ಇದ್ದುದು ಮಾವನ ಹೆಸರಿನಲ್ಲಿ. "ನೂರು ವರ್ಷದ ಹಳೆಯ ವಸ್ತುವಿಗೆ ಲೈಸೆನ್ಸ್ ಏಕೆ?" ಎಂದು ಕಿರಿಯವನು ಕೇಳಿದ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಂ ಹಳೆಯ ಆಯುಧಗಳಿಗೆ ವಿನಾಯಿತಿ ನೀಡುವುದು ನಿಜ. ಆದರೆ ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದ ಸ್ಥಿತಿಯಲ್ಲಿದ್ದರೆ ಮಾತ್ರ. ಇಲ್ಲವಾದರೆ 21ನೇ ಕಲಮಿನಂತೆ ಸಮೀಪದ ಪೊಲೀಸ್ ಠಾಣೆಯಲ್ಲೋ ಪರವಾನಗಿ ಪಡೆದ ಬಂದೂಕು ವ್ಯಾಪಾರಿಯಲ್ಲೋ ತಡಮಾಡದೆ ಜಮೆ ಮಾಡಬೇಕು. ಜಮೆ ಮಾಡಿದ ಮಾತ್ರಕ್ಕೆ ವಾರಸುದಾರರ ಹಕ್ಕು ಅಳಿಯುವುದಿಲ್ಲ. ನಿಗದಿತ ಅವಧಿಯೊಳಗೆ ಲೈಸೆನ್ಸ್ ಪಡೆದು ಬಿಡಿಸಿಕೊಳ್ಳಬಹುದು, ಇಲ್ಲವೇ ಲೈಸೆನ್ಸ್ ಇರುವವರಿಗೆ ಮಾರಬಹುದು.

ಠಾಣೆಗೆ ತಿಳಿಸಿ, ವ್ಯಾಪಾರಿಯೊಬ್ಬರಲ್ಲಿ ಜಮೆ ಮಾಡಿ ರಸೀದಿ ಪಡೆದೆವು. ಅವರು ಮೊದಲು ಒಳಗೆ ಗುಂಡಿಲ್ಲವೆಂದು ಖಚಿತಪಡಿಸಿಕೊಂಡರು. ನಳಿಗೆಯನ್ನು ಕೆಳಕ್ಕೆ ಬಾಗಿಸಿ ತೆರೆಯುವ ಮಾದರಿ ಅದು. ತಯಾರಕರ ಹೆಸರು ವೆಬ್ಲಿ ಅಂಡ್ ಸ್ಕಾಟ್, ಊರು ಬರ್ಮಿಂಗ್‌ಹ್ಯಾಮ್. ಆ ಎರಡು ಸಂಸ್ಥೆಗಳು ಒಂದಾದದ್ದು 1897ರಲ್ಲಿ. ಆದ್ದರಿಂದ ಅದು ಅದಕ್ಕಿಂತ ಹಿಂದಿನದಲ್ಲ. ಕಿರೀಟದ ಚಿಹ್ನೆಯುಳ್ಳ ಪರೀಕ್ಷಾ ಮುದ್ರೆ ಸ್ಪಷ್ಟವಾಗಿತ್ತು. ಕ್ರಮಸಂಖ್ಯೆಯು ಲೈಸೆನ್ಸ್ ಪುಸ್ತಕದೊಂದಿಗೆ ತಾಳೆಯಾಯಿತು. "ಉಪ್ಪುಕಾಗದ ಹಾಕಿ ಉಜ್ಜದೆ ಇಟ್ಟದ್ದು ಒಳ್ಳೆಯದಾಯಿತು. ಮುದ್ರೆ ಅಳಿದರೆ ಬೆಲೆಯೂ ಅಳಿಯುತ್ತದೆ" ಎಂದರು.

ಟಿಪ್ಪು ಸುಲ್ತಾನರ ಬಂದೂಕು ಲಕ್ಷಗಟ್ಟಲೆಗೆ ಹೋಯಿತಲ್ಲ ಎಂದು ಹಿರಿಯವನು ಕೇಳಿದ. 2019ರಲ್ಲಿ ಇಂಗ್ಲೆಂಡಿನ ಕುಟುಂಬವೊಂದಕ್ಕೆ ಪೂರ್ವಜರಿಂದ ಬಂದಿದ್ದ ಆ ಬಂದೂಕು 60,000 ಪೌಂಡಿಗೆ ಹರಾಜಾದದ್ದು ಹೌದು. ಅಲ್ಲಿ ಬೆಲೆ ಬಂದದ್ದು ಅದರ ಇತಿಹಾಸಕ್ಕೆ. ನಮ್ಮದಕ್ಕೆ ಅದರ ಸ್ಥಿತಿ, ದಾಖಲೆ ಮತ್ತು ಕಾನೂನುಬದ್ಧವಾಗಿ ಕೊಳ್ಳಬಲ್ಲವರು ಎಷ್ಟು ಮಂದಿ ಎಂಬುದೇ ಬೆಲೆ.

ವ್ಯಾಪಾರಿ ಬೆಲೆಯನ್ನು ಬರೆದುಕೊಟ್ಟರು. ಹಿರಿಯವನು ಲೈಸೆನ್ಸಿಗೆ ಅರ್ಜಿ ಹಾಕಿ, ತಾಯಿ ಮತ್ತು ತಮ್ಮನ ಪಾಲಿನೊಂದಿಗೆ ತಂಗಿಯ ಏಳು ಭಾಗದ ಹಣವನ್ನೂ ಎಣಿಸಿಕೊಟ್ಟ. ಈ ಬಾರಿ ಅವಳು ಬೇಡವೆನ್ನಲಿಲ್ಲ.

ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಬಹುಬೇಗ "ಬೇಡ" ಎಂದುಬಿಡುತ್ತಾರೆ. ಬೆಲೆ ತಿಳಿದು, ಮನಸ್ಸೊಪ್ಪಿ ಬಿಟ್ಟುಕೊಟ್ಟರೆ ಅದು ಅವರ ಔದಾರ್ಯ. ತಿಳಿಸದೆ ಉಳಿಸಿಕೊಂಡರೆ ಅದು ನಾವು ತಿಂದ ಅವರ ಹಕ್ಕು. ಅಲ್ಲಾಹನು ನಮ್ಮನ್ನು ಅದರಿಂದ ಕಾಪಾಡಲಿ.