ಲಾಲ್‌ಬಾಗಿನಿಂದ ಬೆಲ್ವ್ಯೂವರೆಗೆ ರವೆ ಇಡ್ಲಿ

ಉಡುಪಿ ಸೀಮೆಯ ಹುಡುಗರು ಹೋಟೆಲಿಗೆ ಸೇರಿದರೆ ಮೊದಲು ಲೋಟ ತೊಳೆಯಬೇಕಿತ್ತು, ಆಮೇಲೆ ಹಿಟ್ಟು ರುಬ್ಬಬೇಕಿತ್ತು. ಮಾಣಿಯಾಗಿ ಓಡಾಡಿ ಕೈ ಪಳಗಿದ ಮೇಲೆಯೇ ಒಲೆಯ ಮುಂದೆ ನಿಲ್ಲುವ ಯೋಗ. ಗಲ್ಲಾದವರೆಗೆ ಏರಿದವರು ಕಡಿಮೆ. ಪಾರಂಪಳ್ಳಿಯಿಂದ ಬಂದು ಬೆಂಗಳೂರಿನ ದೊಡ್ಡವರ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದ ಮಯ್ಯ ಸಹೋದರರು ಏರಿದರು. 1924ರಲ್ಲಿ ಅವರು ತೆರೆದ ಬ್ರಾಹ್ಮಣ ಕಾಫಿ ಕ್ಲಬ್ಬೇ ಮುಂದೆ ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ಸ್, ಎಲ್ಲರ ಬಾಯಲ್ಲಿ ಎಂಟಿಆರ್, ಆಯಿತು.

1951ರಲ್ಲಿ ಯುರೋಪ್ ಸುತ್ತಿ ಬಂದ, ಆ ಸಹೋದರರಲ್ಲಿ ಒಬ್ಬರಾದ ಯಜ್ಞನಾರಾಯಣ ಮಯ್ಯರು ಅಲ್ಲಿ ಕಂಡ ಶುಚಿತ್ವವನ್ನು ತಮ್ಮ ಅಡುಗೆಮನೆಗೆ ತಂದರು. ಗಿರಾಕಿಗಳು ಆ ಅಡುಗೆಮನೆಯನ್ನು ಹಾದೇ ಒಳಗೆ ಹೋಗುವ ಏರ್ಪಾಡಾಯಿತು. ಒಲೆ, ಕಡಾಯಿ, ಬಾಣಸಿಗರ ಕೈ ಎಲ್ಲವೂ ಕಣ್ಣೆದುರೇ. ಹೋಟೆಲ್ ಕಸುಬಿನಲ್ಲಿ ಇದು ದೊಡ್ಡ ಧೈರ್ಯ.

ಅದಕ್ಕೂ ಮೊದಲು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ಮಯ್ಯರ ಹೋಟೆಲಿನಲ್ಲಿ ಹುಟ್ಟಿದ್ದು ರವೆ ಇಡ್ಲಿ. ಹುರಿದ ರವೆಗೆ ಮೊಸರು, ಸಾಸಿವೆ-ಗೋಡಂಬಿಯ ಒಗ್ಗರಣೆ, ಕೊತ್ತಂಬರಿ. ರುಬ್ಬುವುದಿಲ್ಲ, ರಾತ್ರಿಯಿಡೀ ಹುದುಗಲು ಬಿಡುವುದಿಲ್ಲ. 1975ರ ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ಕಟ್ಟಿದ ದರಕ್ಕೆ ತಿಂಡಿ ಕೊಟ್ಟು ನಷ್ಟವಾದಾಗ ಮಯ್ಯರ ಮನೆತನ ಸಿದ್ಧ ಮಿಶ್ರಣಗಳ ವ್ಯಾಪಾರಕ್ಕೆ ಇಳಿಯಿತು. ಒಣ ರವೆಯ ಈ ತಿಂಡಿ ಪೊಟ್ಟಣಕ್ಕೆ ಹೇಳಿ ಮಾಡಿಸಿದಂತಿತ್ತು.

ಆ ಪೊಟ್ಟಣದ ಬೆಲೆ ಗೊತ್ತಾಗುವುದು ಸಿಯಾಟಲ್ ಬದಿಯ ಚಳಿಗಾಲದಲ್ಲಿ. ಮೈಕ್ರೋಸಾಫ್ಟ್ ಇರುವ ರೆಡ್ಮಂಡ್‌ಗೆ ತಾಗಿಕೊಂಡ ಬೆಲ್ವ್ಯೂನಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಅಕ್ಕಿ-ಉದ್ದಿನ ಹಿಟ್ಟು ಬೇಗ ಉಬ್ಬುವುದಿಲ್ಲ. ಪಾತ್ರೆಯನ್ನು ಓವನ್ನಿನೊಳಗಿಟ್ಟು ದೀಪ ಹಾಕಿ ಬೆಳಗಿನವರೆಗೆ ಕಾಯಬೇಕು. ರವೆ ಇಡ್ಲಿಗೆ ಆ ಕಾಯುವಿಕೆ ಇಲ್ಲ.

ಅಡುಗೆಯವರು ಟಿವಿಯಲ್ಲಿ ಹೆಸರು ಮಾಡಿದ ಕತೆಯೂ ಅದೇ ಸೀಮೆಯಲ್ಲಿದೆ. ಟಕೋಮಾದಲ್ಲಿ ಜೆಫ್ ಸ್ಮಿತ್ ಎಂಬವರು 1972ರಲ್ಲಿ ತಿನಿಸು, ಅಡುಗೆ ಸಾಮಾನುಗಳ ಅಂಗಡಿ ಇಟ್ಟು, ಅಡುಗೆ ಪಾಠ ಹೇಳಿ, ಸ್ಥಳೀಯ ಟಿವಿಗೆ ಹೋಗಿ, 1980ರ ದಶಕದಲ್ಲಿ ‘ಫ್ರೂಗಲ್ ಗೌರ್ಮೆ’ ಎಂದು ಅಮೆರಿಕದಲ್ಲೆಲ್ಲ ಹೆಸರಾದರು. ಅಲ್ಲಿ ಅಂಗಡಿಯೇ ಟಿವಿಗೆ ಮೆಟ್ಟಿಲಾಯಿತು. ಕನ್ನಡದ ದಾರಿ ಬೇರೆ. ಟಿವಿಯ ಅಡುಗೆ ಕಾರ್ಯಕ್ರಮ ‘ಬೊಂಬಾಟ್ ಭೋಜನ’ದ ಸಿಹಿಕಹಿ ಚಂದ್ರು ನಟನೆಯಿಂದ ಬಂದವರು. ಹಬೆ ಕುಡಿದು ದುಡಿದ ಹೋಟೆಲ್ ಭಟ್ಟರಿಗೆ ಆ ಪರದೆ ಸಿಗಬೇಕಿತ್ತು. ಹೋಟೆಲಿನ ಹೆಸರು ಊರೂರಿಗೆ ಹಬ್ಬಿತೇ ಹೊರತು ಅವರ ಹೆಸರು ಹಬ್ಬಲಿಲ್ಲ.

2007ರಲ್ಲಿ ಎಂಟಿಆರ್ ಪೊಟ್ಟಣದ ವ್ಯಾಪಾರ ನಾರ್ವೆಯ ಓರ್ಕ್ಲಾ ಕಂಪನಿಯ ಪಾಲಾಯಿತು. ಹೋಟೆಲ್ ಮನೆತನದಲ್ಲೇ ಉಳಿಯಿತು. ಮೂರನೆಯ ತಲೆಮಾರಿನ ಹೇಮಮಾಲಿನಿ ಮಯ್ಯ ಮತ್ತು ಅವರ ತಮ್ಮಂದಿರು ಸಿಂಗಪುರ, ದುಬೈಗಳ ನಂತರ ಅದನ್ನು ಬೆಲ್ವ್ಯೂಗೆ ತಂದರು. ಹಾಗಾಗಿ ಇಂದು ಈ ಊರಿನಲ್ಲಿ ಎಂಟಿಆರ್ ಹೋಟೆಲಿನಲ್ಲಿ ತಿನ್ನುವ ರವೆ ಇಡ್ಲಿ ಒಬ್ಬರದು, ಇಂಡಿಯನ್ ಅಂಗಡಿಯಲ್ಲಿ ಅದೇ ಹೆಸರಿನಲ್ಲಿ ಕೊಳ್ಳುವ ಪೊಟ್ಟಣ ಇನ್ನೊಬ್ಬರದು.